ಮೊದಲು ನೀವು ಬೆಚ್ಚಗಾಗಿ, ಆಮೇಲೆ ಮಕ್ಕಳನ್ನು ಹಿಮಕ್ಕೆ ಬಿಡಿ

ಪ್ರಶ್ನೆ: ನಾವು ಕಳೆದ ಆಗಸ್ಟಿನಲ್ಲಿ ಹಾಸನದಿಂದ ಕೆನಡಾದ ಒಟ್ಟಾವಾಗೆ ಬಂದೆವು. ಮಗಳಿಗೆ ನಾಲ್ಕು ವರ್ಷ, ಮಗನಿಗೆ ಒಂದೂವರೆ. ಮೊದಲ ಹಿಮ ಬಿದ್ದ ದಿನ ಎಲ್ಲರೂ ಕುಣಿದಾಡಿದೆವು. ಈಗ ಜನವರಿ. ಮಗಳು ಹೊರಗೆ ಹೋಗೋಣ ಎಂದು ಹಟ ಮಾಡುತ್ತಾಳೆ. ಅರ್ಧ ಗಂಟೆ ಬಟ್ಟೆ ಹಾಕಿಸಿ ಕರೆದುಕೊಂಡು ಹೋದರೆ ಐದೇ ನಿಮಿಷಕ್ಕೆ ಕೈ ಉರಿ ಎಂದು ಅಳುತ್ತಾಳೆ. ಚಿಕ್ಕವನನ್ನು ಹಿಮದಲ್ಲಿ ನಿಲ್ಲಿಸಿದರೆ ಕಂಬದ ಹಾಗೆ ನಿಂತುಬಿಡುತ್ತಾನೆ. ಊರಿನಿಂದ ಬಂದಿರುವ ಅತ್ತೆ, ‘ಮಕ್ಕಳಿಗೆ ಶೀತ ಹಿಡಿಯುತ್ತೆ, ಹೊರಗೆ ಬೇಡ’ ಎನ್ನುತ್ತಾರೆ. ಎಷ್ಟು ಚಳಿಯವರೆಗೆ ಮಕ್ಕಳನ್ನು ಹೊರಗೆ ಬಿಡಬಹುದು? ಹೊರಗೆ ಹೋಗಿ ಮಾಡುವುದಾದರೂ ಏನು?

ಉತ್ತರ: ನಿಮ್ಮ ಪತ್ರದಲ್ಲಿ ಮಗಳ ಕೈ ಇದೆ, ಮಗನ ಕಾಲಿದೆ, ಅತ್ತೆಯ ಆತಂಕ ಇದೆ. ನೀವು ಏನು ಹಾಕಿಕೊಂಡು ಹೊರಗೆ ಹೋಗುತ್ತೀರಿ ಅನ್ನುವುದು ಮಾತ್ರ ಇಲ್ಲ. ನನಗೆ ಮೊದಲು ತಿಳಿಯಬೇಕಾದದ್ದು ಅದೇ.

ನಾನು ಇದೇ ಊರಿನ ಒಂದು ಡೇಕೇರ್‌ನಲ್ಲಿ 17 ಚಳಿಗಾಲ ಕಳೆದಿದ್ದೇನೆ. ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಡೇಕೇರ್‌ನಲ್ಲಿರುವ, ಎರಡೂವರೆ ವರ್ಷ ದಾಟಿದ ಮಕ್ಕಳನ್ನು, ಹವಾಮಾನ ಒಪ್ಪಿದರೆ, ದಿನಕ್ಕೆ ಎರಡು ಗಂಟೆ ಹೊರಗೆ ಆಡಿಸಬೇಕು ಎಂಬುದು ಒಂಟಾರಿಯೋದ ನಿಯಮ. ಹಾಗಾಗಿ ಹಿಮದಲ್ಲಿ ಮಕ್ಕಳನ್ನು ಆಡಿಸುವುದು ನನಗೆ ದಿನದ ಕೆಲಸ. ಸಂಜೆ ಕರೆದುಕೊಂಡು ಹೋಗಲು ಅಪ್ಪ ಅಮ್ಮ ಬರುತ್ತಾರೆ. ಮಗು ಅಂಗಳದ ಹಿಮದಲ್ಲಿ ಉರುಳುತ್ತಿರುತ್ತದೆ. ಅಪ್ಪ ಜೀನ್ಸ್ ಹಾಕಿಕೊಂಡು, ಆಫೀಸಿನ ಶೂ ಮೆಟ್ಟಿಕೊಂಡು, ಕೈಗಳನ್ನು ಕಂಕುಳಲ್ಲಿಟ್ಟುಕೊಂಡು ‘ನಡಿ ನಡಿ, ಚಳಿ’ ಎನ್ನುತ್ತಿರುತ್ತಾರೆ. ಮಗುವಿಗೆ ಚಳಿಯೇ ಆಗಿರುವುದಿಲ್ಲ. ಓಡುವ ಮೈ ತಾನೇ ಬಿಸಿ ಮಾಡಿಕೊಳ್ಳುತ್ತದೆ, ನಿಂತ ಮೈ ಆರುತ್ತದೆ. ದೊಡ್ಡವರ ಕಾಲ್ಬೆರಳು ಮರಗಟ್ಟಿದ ಹೊತ್ತಿಗೆ ಮಗುವಿನ ಆಟ ಮುಗಿಯುತ್ತದೆ.

ಆದ್ದರಿಂದ ನನ್ನ ಮೊದಲ ಸಲಹೆ ನಿಮಗೆ. ಒಂದು ಸ್ನೋ ಪ್ಯಾಂಟ್ ತೆಗೆದುಕೊಳ್ಳಿ. ಮಕ್ಕಳಿಗಲ್ಲ, ನಿಮಗೆ. ಹೊಸಬರಾಗಿ ಬಂದ ನಮ್ಮ ಕನ್ನಡದ ಕುಟುಂಬಗಳು ಮಕ್ಕಳಿಗೆ ಒಳ್ಳೆಯ ಸ್ನೋಸೂಟ್ ಕೊಂಡು, ತಮಗೆ ಬರೀ ಒಂದು ದಪ್ಪ ಕೋಟು ಕೊಂಡು ಸುಮ್ಮನಾಗುತ್ತಾರೆ. ಕೋಟು ಬಸ್ ಸ್ಟಾಪಿಗೆ ಸಾಕು. ಹಿಮದಲ್ಲಿ ಮಂಡಿಯೂರಿ ಕೂರಲು ಸಾಲದು. ನಾಲ್ಕು ವರ್ಷದ ಮಗುವಿನ ಜೊತೆ ಆಡುವುದು ಅಂದರೆ ಮಂಡಿಯೂರುವುದೇ ಅಲ್ವಾ? ಸ್ನೋ ಪ್ಯಾಂಟ್ ಇದ್ದರೆ ನೀವು ಕೂರುತ್ತೀರಿ. ನೀವು ಕೂತರೆ ಮಕ್ಕಳು ಆಡುತ್ತಾರೆ. ಇಲ್ಲಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಒಳ್ಳೆಯವೇ ಸಿಗುತ್ತವೆ. ಹಾಗೇ ಉಣ್ಣೆಯ ಒಳಪದರ ಇರುವ ಬೂಟು, ಕಿವಿ ಮುಚ್ಚುವ ಟೋಪಿ. ಇಷ್ಟಾದರೆ ನಿಮ್ಮ ಪ್ರಶ್ನೆಗಳಲ್ಲಿ ಅರ್ಧ ತಾವಾಗಿಯೇ ಕರಗುತ್ತವೆ.

ಈಗ ಮಗಳ ಕೈಗೆ ಬರೋಣ. ಅವಳ ಕೈಯಲ್ಲಿರುವುದು ಹೆಣೆದ, ಐದು ಬೆರಳಿನ ಗ್ಲೌಸ್ ಇರಬೇಕು. ಬೆರಳುಗಳು ಬೇರೆ ಬೇರೆಯಾಗಿ ಕೂತರೆ ಒಂದಕ್ಕೊಂದು ಬಿಸಿ ಕೊಡುವುದಿಲ್ಲ. ಹೆಣಿಗೆಗೆ ಹಿಮ ಅಂಟಿಕೊಂಡು, ಕೈಯ ಬಿಸಿಗೆ ಕರಗಿ, ಒಳಗೆ ಇಳಿಯುತ್ತದೆ. ಐದು ನಿಮಿಷಕ್ಕೆ ಉರಿ ಅನ್ನುವುದು ಆ ನೀರಿನ ಉರಿ. ಅವಳಿಗೆ ಬೇಕಾದದ್ದು ನೀರು ಇಳಿಯದ ಮಿಟ್ಟನ್, ನಾಲ್ಕು ಬೆರಳಿಗೆ ಒಂದೇ ಮನೆ, ಹೆಬ್ಬೆರಳಿಗೆ ಒಂದು. ಮೊಣಕೈ ಹತ್ತಿರಕ್ಕೆ ಬರುವಷ್ಟು ಉದ್ದದ ಪಟ್ಟಿ ಇರಲಿ. ಜಾಕೆಟ್ ಹಾಕುವ ಮುಂಚೆ ಮಿಟ್ಟನ್ ಹಾಕಿಸಿ, ಅದರ ಮೇಲೆ ತೋಳು ಎಳೆಯಿರಿ. ಆಗ ಮಣಿಕಟ್ಟಿನ ಸಂದಿಯಿಂದ ಹಿಮ ನುಗ್ಗುವುದಿಲ್ಲ, ಅವಳು ಕಿತ್ತೆಸೆಯುವುದೂ ಕಷ್ಟ. ಇನ್ನೊಂದು ಒಣ ಜೊತೆ ನಿಮ್ಮ ಕೋಟಿನ ಒಳಜೇಬಿನಲ್ಲಿ, ಮೈಗೆ ತಾಗಿಕೊಂಡು ಇರಲಿ. ಅರ್ಧ ಗಂಟೆಗೆ ಒಮ್ಮೆ ಬದಲಿಸಿ. ಬೆಚ್ಚಗಿನ ಮಿಟ್ಟನ್ ಒಳಗೆ ಕೈ ಹೋದ ಕ್ಷಣ ಮಕ್ಕಳ ಮುಖ ಅರಳುವುದನ್ನು ನೋಡಬೇಕು.

ಒಳಗಿನ ಬಟ್ಟೆಯ ಬಗ್ಗೆ ನನಗೆ ಬುದ್ಧಿ ಬಂದದ್ದು ನನ್ನ ಮಗನಿಂದ. ನಮ್ಮ ಮೊದಲ ಚಳಿಗಾಲ, ಅವನಿಗೆ ಮೂರು ವರ್ಷ. ಊರಿನಿಂದ ತಂದ ಕಾಟನ್ ಬನಿಯನ್ನು, ಅದರ ಮೇಲೆ ಕಾಟನ್ ಶರಟು, ಅದರ ಮೇಲೆ ಇನ್ನೊಂದು, ಕೊನೆಗೆ ಜಾಕೆಟ್. ನಾಲ್ಕು ಪದರ ಹಾಕಿದ್ದೇನೆ, ಇನ್ನೇನು ಭಯ ಅಂದುಕೊಂಡೆ. ಮಗು ಓಡಿತು, ಬೆವರಿತು, ಆಮೇಲೆ ಸ್ವಲ್ಪ ಹೊತ್ತು ಕೂತಿತು. ಮನೆಗೆ ತಂದು ಬಟ್ಟೆ ಬಿಚ್ಚುವಾಗ ಬನಿಯನ್ನು ಒದ್ದೆಯಾಗಿ ಬೆನ್ನಿಗೆ ಅಂಟಿತ್ತು. ಅವನ ಹಲ್ಲು ಕಟಕಟ ಅನ್ನುತ್ತಿತ್ತು. ಹತ್ತಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಒದ್ದೆಯಾದ ಮೇಲೆ ಬಿಸಿ ಹಿಡಿಯುವುದಿಲ್ಲ. ಆ ರಾತ್ರಿ ನನಗೆ ನೆನಪಾದದ್ದು ಸಾಗರದ ನಮ್ಮ ಮನೆಯ ಕಂಬಳಿ ಕೊಪ್ಪೆ. ಜುಲೈ ತಿಂಗಳ ಜಡಿಮಳೆಯಲ್ಲಿ ಅಜ್ಜ ಅದನ್ನು ಹೊದ್ದು ಗದ್ದೆಗೆ ಹೋಗುತ್ತಿದ್ದರು. ಕಂಬಳಿ ತೊಯ್ದು ತೊಪ್ಪೆಯಾಗಿರುತ್ತಿತ್ತು, ಒಳಗೆ ಅಜ್ಜ ಬೆಚ್ಚಗಿರುತ್ತಿದ್ದರು. ಕುರಿ ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಕುಡಿದರೂ ಮೈಗೆ ಒದ್ದೆ ಅನ್ನಿಸುವುದಿಲ್ಲ, ಬಿಸಿಯನ್ನೂ ಬಿಡುವುದಿಲ್ಲ. ನಾರ್ವೆಯವರು ಇದೇ ಕಾರಣಕ್ಕೆ ಉಣ್ಣೆಯೇ ಚಿನ್ನ ಅನ್ನುತ್ತಾರೆ. ಮಲೆನಾಡಿನವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಾನೇ ಮರೆತಿದ್ದೆ.

ಮೈಗೆ ತಾಗುವ ಪದರ ತೆಳುವಾದ ಮೆರಿನೋ ಉಣ್ಣೆಯದ್ದಿರಲಿ. ದುಬಾರಿ ಅನ್ನಿಸಿದರೆ ಸಿಂಥೆಟಿಕ್ ಥರ್ಮಲ್ ಆದೀತು. ಅದರ ಮೇಲೆ ಫ್ಲೀಸ್. ಹೊರಗೆ ನೀರು, ಗಾಳಿ ತಡೆಯುವ ಸೂಟು. ಮೂರು ಸಾಕು. ಕಾಲಿಗೆ ಒಂದೇ ಜೊತೆ ಉಣ್ಣೆಯ ಸಾಕ್ಸ್. ಎರಡು ಜೊತೆ ತುರುಕಿದರೆ ಬೂಟು ಬಿಗಿಯಾಗಿ, ಬೆರಳು ಆಡದೆ, ರಕ್ತ ಸರಿಯಾಗಿ ಓಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಕುತ್ತಿಗೆಗೆ ಶಾಲು, ಮಫ್ಲರ್ ಬೇಡವೇ ಬೇಡ. ಜಾರುಬಂಡೆಗೋ ಹಿಮದ ಮೇಲೆ ಜಾರುವ ಸ್ಲೆಡ್ಡಿಗೋ ಸಿಕ್ಕಿಕೊಂಡರೆ ಉರುಲು. ತಲೆಯ ಮೇಲಿಂದ ತೊಡಿಸುವ ನೆಕ್ ವಾರ್ಮರ್ ತನ್ನಿ.

ಅರ್ಧ ಗಂಟೆ ಬಟ್ಟೆ ಹಾಕಿಸುವುದಕ್ಕೇ ಆಗುತ್ತದೆ ಎಂದಿದ್ದೀರಿ. ಅದರಲ್ಲೂ ಒಂದು ಕ್ರಮ ಇದೆ. ಮೊದಲು ಇಬ್ಬರಿಗೂ ಸೂಸು ಮಾಡಿಸಿ. ಆಮೇಲೆ ನೀವು ಪೂರ್ತಿ ತಯಾರಾಗಿ, ಜಾಕೆಟ್ ಒಂದನ್ನು ಬಿಟ್ಟು. ಮಕ್ಕಳಿಗೆ ಮೊದಲು ಹಾಕಿಸಿ ನಿಮ್ಮ ಸಾಕ್ಸ್ ಹುಡುಕಲು ಹೋದರೆ, ಹೀಟರ್ ಹಾಕಿದ ಮನೆಯಲ್ಲಿ ಮಕ್ಕಳು ಬೆವರುತ್ತಾರೆ. ಆ ಬೆವರು ಹೊರಗೆ ಚಳಿಯಾಗುತ್ತದೆ. ಚಿಕ್ಕವನ ಸೂಟನ್ನು ನೆಲದ ಮೇಲೆ ಅಂಗಾತ ಹಾಸಿ, ಅದರ ಮೇಲೆ ಅವನನ್ನು ಕೂರಿಸಿ, ಕಾಲಿನಿಂದ ಶುರು ಮಾಡಿ. ಮಗಳಿಗೆ ನಾವು ಡೇಕೇರ್‌ನಲ್ಲಿ ಕಲಿಸುವ ಉಪಾಯ ಕಲಿಸಿ. ಜಾಕೆಟ್ಟನ್ನು ನೆಲದ ಮೇಲೆ ಒಳಭಾಗ ಮೇಲೆ ಬರುವಂತೆ, ಕಾಲರ್ ಅವಳ ಕಾಲ ಬಳಿ ಇರುವಂತೆ ಹಾಸಿ. ಅವಳು ಬಗ್ಗಿ ಎರಡೂ ಕೈ ತೋಳಿಗೆ ತೂರಿಸಿ, ತಲೆಯ ಮೇಲಿಂದ ಹಿಂದಕ್ಕೆ ಎಗರಿಸಿದರೆ ಜಾಕೆಟ್ ಮೈಮೇಲೆ. ಎರಡು ದಿನದಲ್ಲಿ ಕಲಿಯುತ್ತಾಳೆ. ಮೂರನೇ ದಿನ ಅಜ್ಜಿಗೆ ತೋರಿಸುತ್ತಾಳೆ.

ಒಂದು ಮಾತು ಕಾರಿನ ಬಗ್ಗೆ. ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಉಬ್ಬಿದ ಜಾಕೆಟ್ ಅಥವಾ ಸ್ನೋಸೂಟ್ ಹಾಕಿಸಿ ಕಾರ್ ಸೀಟಿನ ಬೆಲ್ಟ್ ಕಟ್ಟಬೇಡಿ. ಡಿಕ್ಕಿಯಾದಾಗ ಒಳಗಿನ ಗಾಳಿ ಹಿಂಡಿಹೋಗಿ ಬೆಲ್ಟ್ ಸಡಿಲವಾಗುತ್ತದೆ, ಮಗು ಹೊರಕ್ಕೆ ಜಾರುತ್ತದೆ. ಫ್ಲೀಸ್ ಮೇಲೆ ಬೆಲ್ಟ್ ಕಟ್ಟಿ, ಅದರ ಮೇಲೆ ಜಾಕೆಟ್ಟನ್ನು ಹಿಂದುಮುಂದಾಗಿ ಹೊದಿಸಿ.

ಇನ್ನು ಎಷ್ಟು ಚಳಿಯವರೆಗೆ ಎಂಬ ಪ್ರಶ್ನೆ. ಒಟ್ಟಾವಾದಲ್ಲಿ ಜನವರಿಯ ಹಗಲು ಸಾಮಾನ್ಯವಾಗಿ ಮೈನಸ್ 6ರ ಆಸುಪಾಸು, ರಾತ್ರಿ ಮೈನಸ್ 14ರ ಆಸುಪಾಸು ಇರುತ್ತದೆ. ಅಂದರೆ ಬಹಳಷ್ಟು ದಿನ ಹೊರಗೆ ಹೋಗಬಹುದು. ಫೋನಿನಲ್ಲಿ ಬರೀ ತಾಪಮಾನ ನೋಡಬೇಡಿ, ವಿಂಡ್‌ಚಿಲ್ ನೋಡಿ. ಗಾಳಿ ಮೈಯ ಸುತ್ತ ಇರುವ ಬಿಸಿ ಪದರವನ್ನು ಹೊಡೆದುಕೊಂಡು ಹೋಗುತ್ತದೆ. ಮೈನಸ್ 15 ಇದ್ದು ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಚರ್ಮಕ್ಕೆ ಅದು ಮೈನಸ್ 26. ಕೆನಡಾದ ಮಕ್ಕಳ ವೈದ್ಯರು ಹೇಳುವ ಗೆರೆ ಸುಮಾರು ಮೈನಸ್ 27, 28ರ ವಿಂಡ್‌ಚಿಲ್. ಅದಕ್ಕಿಂತ ಕೆಳಗೆ ಇಳಿದರೆ ಮುಚ್ಚದ ಚರ್ಮ ಅರ್ಧ ಗಂಟೆಯೊಳಗೆ ಹೆಪ್ಪುಗಟ್ಟಬಹುದು. ಆ ದಿನ ಮನೆಯೊಳಗೇ ಇರಿ.

ಅದು ಕೊನೆಯ ಗೆರೆ. ನಿಮ್ಮ ಗೆರೆ ಈಗಲೇ ಅಲ್ಲಿಗೆ ಹೋಗಬೇಕಾಗಿಲ್ಲ. ನಿಮಗೆ ಇದು ಮೊದಲ ಚಳಿಗಾಲ. ಮೈನಸ್ 10ರವರೆಗೆ ಆರಾಮಾಗಿ ಅರ್ಧ ಮುಕ್ಕಾಲು ಗಂಟೆ. ಮೈನಸ್ 15ಕ್ಕೆ 20 ನಿಮಿಷ, ನಡುವೆ ಒಮ್ಮೆ ಒಳಗೆ ಬನ್ನಿ. ಅದಕ್ಕಿಂತ ಕೆಳಗೆ ಬಾಗಿಲ ಬಳಿ ಹತ್ತು ನಿಮಿಷ ಸಾಕು. ಇದು ಯಾವ ಪುಸ್ತಕದ ಅಳತೆಯೂ ಅಲ್ಲ, ಹೊಸದಾಗಿ ಬಂದ ಮಕ್ಕಳಿಗೆ ನಾನು ಇಟ್ಟುಕೊಂಡಿರುವ ಅಳತೆ. ಚಿಕ್ಕವನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸಣ್ಣ ಮಕ್ಕಳಿಗೆ ತೂಕಕ್ಕೆ ಹೋಲಿಸಿದರೆ ಚರ್ಮ ಜಾಸ್ತಿ, ಹಾಗಾಗಿ ಬೇಗ ಆರುತ್ತಾರೆ.

ಮಗು ಬೆಚ್ಚಗಿದೆಯೇ ಎಂದು ಕೈ ಮುಟ್ಟಿ ನೋಡಿದರೆ ಗೊತ್ತಾಗುವುದಿಲ್ಲ. ಕುತ್ತಿಗೆಯ ಹಿಂಭಾಗಕ್ಕೆ ನಿಮ್ಮ ಎರಡು ಬೆರಳು ತೂರಿಸಿ. ಬೆಚ್ಚಗೆ, ಒಣಗಿ ಇದ್ದರೆ ಸರಿ. ಒದ್ದೆ ಇದ್ದರೆ ಜಾಸ್ತಿ ಬಟ್ಟೆ ಹಾಕಿದ್ದೀರಿ. ತಣ್ಣಗಿದ್ದರೆ ಒಳಗೆ ನಡೆಯಿರಿ.

ಇಲ್ಲಿನ ಕರಪತ್ರಗಳಲ್ಲಿ ‘ಚರ್ಮ ಕೆಂಪಾಗುತ್ತದೆ, ಆಮೇಲೆ ಬೆಳ್ಳಗಾಗುತ್ತದೆ’ ಎಂದು ಬರೆದಿರುತ್ತಾರೆ. ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಮಕ್ಕಳಲ್ಲಿ ಆ ಕೆಂಪು ಕಾಣುವುದೇ ಕಷ್ಟ. ನೀವು ನೋಡಬೇಕಾದದ್ದು ಬೇರೆ. ಮೂಗಿನ ತುದಿ, ಕೆನ್ನೆ, ಕಿವಿಯ ಹಾಲೆ ಬೂದಿ ಬಳಿದ ಹಾಗೆ ಪೇಲವವಾಗಿದೆಯೇ? ಮುಟ್ಟಿದರೆ ಮೇಣದ ಹಾಗೆ ಗಟ್ಟಿಯಾಗಿದೆಯೇ? ಚಿವುಟಿದ್ದು ಗೊತ್ತಾಗುತ್ತಿಲ್ಲವೇ? ಉರಿ ಎಂದು ಅಳುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾಗಿದೆಯೇ? ಹಾಗಿದ್ದರೆ ತಕ್ಷಣ ಒಳಗೆ ಕರೆತನ್ನಿ. ಉಜ್ಜಬೇಡಿ, ಹಿಮದಿಂದಂತೂ ಉಜ್ಜಲೇಬೇಡಿ. ಹೀಟರ್ ಮುಂದೆ ಹಿಡಿಯಬೇಡಿ, ಮರಗಟ್ಟಿದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಅವಳ ಕೈಗಳನ್ನು ನಿಮ್ಮ ಕಂಕುಳಲ್ಲಿ ಇಟ್ಟುಕೊಳ್ಳಿ, ಇಲ್ಲವೇ ಉಗುರುಬೆಚ್ಚಗಿನ ನೀರಿನಲ್ಲಿ ಇಡಿ. ಸ್ಪರ್ಶ, ಬಣ್ಣ ಬೇಗ ಮರಳದಿದ್ದರೆ, ಗುಳ್ಳೆ ಎದ್ದರೆ ವೈದ್ಯರ ಬಳಿ ಹೋಗಿ. ಮಗು ವಿಪರೀತ ನಡುಗುತ್ತಾ, ಮಾತು ತೊದಲಿ, ತೂಕಡಿಸಲು ಶುರು ಮಾಡಿದರೆ ಕಾಯದೆ 911ಕ್ಕೆ ಕರೆ ಮಾಡಿ. ಇಷ್ಟನ್ನು ತಿಳಿದಿಟ್ಟುಕೊಂಡರೆ ಧೈರ್ಯ ಬರುತ್ತದೆ ಎಂದೇ ಬರೆದೆ. ನನ್ನ 17 ವರ್ಷದಲ್ಲಿ ಕಂಕುಳ ಬಿಸಿಗೆ ಸರಿಹೋಗದ ಒಂದು ಬೆರಳೂ ನನ್ನ ಮುಂದೆ ಬಂದಿಲ್ಲ.

ಅತ್ತೆಯವರ ಆತಂಕವನ್ನು ತಳ್ಳಿಹಾಕಬೇಡಿ. ಅವರ ಮಾತಿನ ಹಿಂದೆ ಪ್ರೀತಿ ಇದೆ, ಹಾಸನದ ಡಿಸೆಂಬರ್ ಬೆಳಗಿನ ಅನುಭವವೂ ಇದೆ. ಆದರೆ ಶೀತ ಬರುವುದು ವೈರಸ್ಸಿನಿಂದ. ಅದು ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಬ್ಬರ ಕೆಮ್ಮು ಇನ್ನೊಬ್ಬರಿಗೆ ತಾಗಿ ಹಬ್ಬುತ್ತದೆ. ಹೊರಗೆ ಮಕ್ಕಳ ಮೂಗು ಸೋರುತ್ತದಲ್ಲ, ಅದು ಶೀತ ಅಲ್ಲ. ಮೂಗು ತಣ್ಣನೆಯ ಒಣ ಗಾಳಿಯನ್ನು ಬಿಸಿ ಮಾಡಿ, ತೇವ ಮಾಡಿ ಶ್ವಾಸಕೋಶಕ್ಕೆ ಕಳಿಸುತ್ತದೆ. ಆ ಕೆಲಸದಲ್ಲಿ ನೀರು ಸುರಿಯುತ್ತದೆ. ಒಳಗೆ ಬಂದ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಇದನ್ನು ಅತ್ತೆಗೆ ಗಡಿಯಾರ ನೋಡಿ ತೋರಿಸಿ, ಒಪ್ಪುತ್ತಾರೆ. ಮಕ್ಕಳಿಗೆ ಉಬ್ಬಸ ಇದ್ದರೆ ಮಾತ್ರ ಬೇರೆ. ತಣ್ಣನೆಯ ಒಣ ಗಾಳಿ ಉಬ್ಬಸವನ್ನು ಕೆರಳಿಸುತ್ತದೆ. ಮೊದಲು ವೈದ್ಯರ ಜೊತೆ ಮಾತಾಡಿ, ನೆಕ್ ವಾರ್ಮರನ್ನು ಮೂಗಿನವರೆಗೆ ಎಳೆಯಿರಿ.

ಅತ್ತೆಯವರು ಮಕ್ಕಳ ಕೆನ್ನೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಾರೆ ಅಂದುಕೊಳ್ಳುತ್ತೇನೆ. ರಾತ್ರಿ ಹಚ್ಚಲಿ, ಒಳ್ಳೆಯದು. ಹೀಟರಿನ ಗಾಳಿಗೆ ಚರ್ಮ ಬಿರಿಯುತ್ತದೆ. ಆದರೆ ಹೊರಗೆ ಹೋಗುವಾಗ ಎಣ್ಣೆಯಾಗಲಿ ಕ್ರೀಮಾಗಲಿ ಚಳಿ ತಡೆಯುತ್ತದೆ ಎಂದು ನಂಬಬೇಡಿ. ಮುಖ ಮುಚ್ಚುವುದೇ ಸರಿ. ಇನ್ನೊಂದು ನಂಬಿಕೆ, ಬಿಸಿಲಿಗೆ ಬಿಟ್ಟರೆ ವಿಟಮಿನ್ ಡಿ ಸಿಗುತ್ತದೆ ಅನ್ನುವುದು. ಒಟ್ಟಾವಾ 45 ಡಿಗ್ರಿ ಉತ್ತರದಲ್ಲಿದೆ. ಇಲ್ಲಿ ನಡುಚಳಿಗಾಲದ ಸೂರ್ಯ ಅಷ್ಟು ಕೆಳಗಿರುತ್ತಾನೆ, ಅವನಿಂದ ಚರ್ಮ ವಿಟಮಿನ್ ಡಿ ಮಾಡಿಕೊಳ್ಳಲಾರದು. ನಮ್ಮಂಥ ಬಣ್ಣದವರಿಗೆ ಇನ್ನೂ ಕಷ್ಟ. ಹೊರಗೆ ಆಡಿಸಿ, ಜೊತೆಗೆ ಡ್ರಾಪ್ಸ್ ಎಷ್ಟು ಕೊಡಬೇಕು ಎಂದು ಮಕ್ಕಳ ವೈದ್ಯರನ್ನು ಕೇಳಿ. ಮಾರ್ಚ್ ಬಂದರೆ ಕಥೆ ತಿರುಗುತ್ತದೆ. ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣವನ್ನು ಶೇಕಡಾ 80ರವರೆಗೂ ಮುಖಕ್ಕೆ ತಿರುಗಿಸಿ ಹೊಡೆಯುತ್ತದೆ. ಆಗ ಮಕ್ಕಳಿಗೆ ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಬೇಕು.

ಈಗ ನಿಮ್ಮ ಚಿಕ್ಕವನು. ಕಂಬದ ಹಾಗೆ ನಿಲ್ಲುವ ಮಕ್ಕಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಅವನಿಗೆ ಹೆದರಿಕೆ ಅಲ್ಲ. ನಡೆಯಲು ಕಲಿತು ಆರು ತಿಂಗಳು ಆಗಿರಬಹುದು. ಅಷ್ಟರಲ್ಲಿ ಕಾಲಿಗೆ ಭಾರದ ಬೂಟು ಬಂತು, ಮಂಡಿ ಮಡಚದ ಸೂಟು ಬಂತು, ನೆಲವೇ ಕಾಲ ಕೆಳಗೆ ಕುಸಿಯುತ್ತಿದೆ. ಬಗ್ಗಿದರೆ ತನ್ನ ಕಾಲೇ ಕಾಣುವುದಿಲ್ಲ. ಅವನನ್ನು ನಡೆಸಲು ಹೋಗಬೇಡಿ, ಕೂರಿಸಿ. ನೀವೂ ಎದುರಿಗೆ ಕೂರಿ. ಅಡುಗೆಮನೆಯಿಂದ ಒಂದು ಪ್ಲಾಸ್ಟಿಕ್ ಡಬ್ಬಿ, ಒಂದು ಮರದ ಸೌಟು ತನ್ನಿ. ಸ್ಟೀಲು ಬೇಡ, ಒದ್ದೆ ನಾಲಿಗೆ ತಣ್ಣನೆಯ ಲೋಹಕ್ಕೆ ಅಂಟಿಕೊಳ್ಳುತ್ತದೆ.

ಹೋದ ವಾರ ನಮ್ಮಲ್ಲಿ ಇದೇ ವಯಸ್ಸಿನ ಒಂದು ಮಗು ಹೀಗೇ ಕೂತಿತ್ತು. ನಾನು ಸೌಟಿನಲ್ಲಿ ಹಿಮ ತೆಗೆದು ಡಬ್ಬಿಗೆ ಹಾಕಿದೆ. ಅದು ನೋಡಿತು. ಇನ್ನೊಂದು ಸೌಟು ಹಾಕಿದೆ. ನೋಡಿತು. ನಾಲ್ಕನೆಯದಕ್ಕೆ ಮಿಟ್ಟನ್ ಕೈ ಚಾಚಿ ಸೌಟು ಕಿತ್ತುಕೊಂಡಿತು. ಹಿಮ ಎತ್ತಿತು, ಅರ್ಧ ದಾರಿಯಲ್ಲಿ ಬಿತ್ತು. ಮತ್ತೆ ಎತ್ತಿತು, ಡಬ್ಬಿಯ ಅಂಚಿಗೆ ತಗುಲಿ ಬಿತ್ತು. ಮೂರನೇ ಸಲ ಒಂದು ಚಮಚದಷ್ಟು ಒಳಗೆ ಹೋಯಿತು. ಅದು ಡಬ್ಬಿಯೊಳಗೆ ಇಣುಕಿ ನೋಡಿತು, ನನ್ನ ಮುಖ ನೋಡಿತು, ಡಬ್ಬಿಯನ್ನು ಪೂರ್ತಿ ಬೋರಲು ಹಾಕಿತು. ಆಮೇಲೆ ಇಪ್ಪತ್ತು ನಿಮಿಷ ಅದೇ ಕೆಲಸ. ತುಂಬುವುದು, ಸುರಿಯುವುದು. ಅದರ ರೆಪ್ಪೆಯ ಮೇಲೆ ಹಿಮದ ಒಂದು ಚೂರು ಕೂತು ಕರಗುವುದು ನನಗೆ ಕಾಣುತ್ತಿತ್ತು. ಅದಕ್ಕೆ ಅದರ ಪರಿವೆಯೇ ಇರಲಿಲ್ಲ.

ಒಂದೂವರೆ ವರ್ಷದ ಮಗುವಿಗೆ ಹಿಮದ ದಿನ ಅಂದರೆ ಇಷ್ಟೇ, ಬಾಗಿಲಿಂದ ಮೂರು ಮೀಟರ್. ಗುಡ್ಡಕ್ಕೆ, ಪಾರ್ಕಿಗೆ ಹೋಗಬೇಕು ಎಂಬ ಒತ್ತಡ ಬೇಡ. ಅವನು ಚೂರು ಹಿಮ ಬಾಯಿಗೆ ಹಾಕಿಕೊಂಡರೂ ಗಾಬರಿ ಬೇಡ, ಆಗಷ್ಟೇ ಬಿದ್ದ ಶುದ್ಧ ಹಿಮವಾದರೆ ಸರಿ. ರಸ್ತೆಬದಿಯದ್ದು, ಉಪ್ಪು ಹಾಕಿದ್ದು, ಬಣ್ಣ ಇರುವುದು ಬೇಡ.

ಮಗಳಿಗೆ ಕೆಲಸ ಬೇಕು, ಮಾತು ಬೇಕು. ನಮಗೆ ಕನ್ನಡದಲ್ಲಿ ಇಬ್ಬನಿ, ಕಾವಳ, ಆಲಿಕಲ್ಲು ಎಲ್ಲಕ್ಕೂ ಹೆಸರಿದೆ. ಹಿಮಕ್ಕೆ ಮಾತ್ರ ಒಂದೆರಡೇ ಹೆಸರು. ಮೊದಲ ಮಳೆಯಲ್ಲಿ ಆಲಿಕಲ್ಲು ಆರಿಸಲು ನೀವೆಲ್ಲ ಅಂಗಳಕ್ಕೆ ಓಡಿದ್ದು ನೆನಪಿದೆ ತಾನೆ? ಅದನ್ನು ಅವಳಿಗೆ ಹೇಳಿ. ಆಮೇಲೆ ಇಬ್ಬರೂ ಸೇರಿ ಹಿಮಕ್ಕೆ ಹೆಸರಿಡಿ. ಮೈನಸ್ 10ಕ್ಕಿಂತ ಕೆಳಗೆ ಬಿದ್ದದ್ದು ಅಕ್ಕಿಹಿಟ್ಟಿನ ಹಿಮ. ಮುಷ್ಟಿ ಕಟ್ಟಿದರೆ ಉದುರಿಹೋಗುತ್ತದೆ, ಕಾಲಿಟ್ಟರೆ ಕಿರ್ ಕಿರ್ ಅನ್ನುತ್ತದೆ. ಸೊನ್ನೆಯ ಹತ್ತಿರದ್ದು ಉಂಡೆ ಹಿಮ. ಹಿಮದ ಹರಳುಗಳ ಮೇಲೆ ಕಾಣದಷ್ಟು ತೆಳುವಾಗಿ ನೀರು ಇರುತ್ತದೆ, ಅದಕ್ಕೇ ಅಂಟುತ್ತದೆ. ಹಿಮದ ಗೊಂಬೆ ಮಾಡಲು ಇಂಥ ದಿನವೇ ಬೇಕು. ಮೈನಸ್ 15ರಲ್ಲಿ ಗೊಂಬೆ ಮಾಡಲು ಹೊರಟು ಮಗು ಅತ್ತರೆ ತಪ್ಪು ಅದರದ್ದಲ್ಲ. ಬಿಸಿಲಿಗೆ ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದ್ದು ಹಪ್ಪಳ ಹಿಮ. ನಮ್ಮ ಡೇಕೇರ್‌ನ ಒಬ್ಬ ಕನ್ನಡದ ಹುಡುಗ ಇಟ್ಟ ಹೆಸರು ಅದು. ನನಗೆ ತುಂಬಾ ಇಷ್ಟ.

ಅಕ್ಕಿಹಿಟ್ಟಿನ ಹಿಮದ ದಿನ ರಂಗೋಲಿ ಹಾಕಿ. ಸ್ಪ್ರೇ ಬಾಟಲಿಯಲ್ಲಿ ನೀರು, ಅಡುಗೆಯ ಬಣ್ಣ ನಾಲ್ಕು ಹನಿ. ನೀವು ಕಡ್ಡಿಯಿಂದ ಚುಕ್ಕಿ ಇಡಿ, ಅವಳು ಬಣ್ಣ ಹೊಡೆಯಲಿ. ಸಂಕ್ರಾಂತಿ ಇರುವುದು ಇದೇ ತಿಂಗಳಲ್ಲಿ, ಬಾಗಿಲ ಮುಂದೆ ಅಷ್ಟು ದೊಡ್ಡ ಬಿಳಿ ಅಂಗಳ ಬೇರೆಲ್ಲಿ ಸಿಗಬೇಕು? ಅರಿಶಿನ ಮಾತ್ರ ಬಳಸಬೇಡಿ, ಸ್ನೋಸೂಟಿಗೆ ಕೂತರೆ ಹೋಗುವುದಿಲ್ಲ. ಎಳ್ಳುಬೆಲ್ಲವನ್ನು ಒಳಗೆ ಕೂತು ತಿನ್ನಿ. ಚಿಕ್ಕವನಿಗೆ ಇಡಿ ಕಡಲೆಬೀಜ ಕೊಡಬೇಡಿ, ಪುಡಿ ಮಾಡಿ ಕೊಡಿ. ಗಂಟಲಲ್ಲಿ ಸಿಕ್ಕಿಕೊಳ್ಳುವ ವಯಸ್ಸು.

ಹಿಮ ಬಿದ್ದ ಮರುಬೆಳಿಗ್ಗೆ ಹೆಜ್ಜೆ ಹುಡುಕಿ. ಮೊಲದ ಹೆಜ್ಜೆಯಲ್ಲಿ ಒಂದು ಸೋಜಿಗ ಇದೆ. ಮುಂದೆ ಕಾಣುವ ಎರಡು ಉದ್ದ ಗುರುತು ಅದರ ಹಿಂಗಾಲಿನವು. ಕುಪ್ಪಳಿಸುವಾಗ ಹಿಂಗಾಲು ಮುಂಗಾಲನ್ನು ದಾಟಿ ಬೀಳುತ್ತದೆ. ನಾಲ್ಕು ವರ್ಷದ ಮಗುವಿಗೆ ಇದನ್ನು ಹೇಳಿದರೆ, ಆ ದಿನವೆಲ್ಲ ಮನೆಯಲ್ಲಿ ಒಂದು ಮೊಲ ಕುಪ್ಪಳಿಸುತ್ತಿರುತ್ತದೆ. ಡಿಸೆಂಬರಿನಲ್ಲೂ ಜನವರಿಯ ಹೆಚ್ಚಿನ ದಿನಗಳಲ್ಲೂ ಸಂಜೆ ಐದಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಅದಕ್ಕೂ ಬೇಸರ ಬೇಡ. ಟಾರ್ಚ್ ಹಿಡಿದು ಹೊರಗೆ ಹೋಗಿ. ಹೊಸ ಹಿಮದ ಸಂದುಗಳಲ್ಲಿ ಗಾಳಿ ತುಂಬಿರುತ್ತದೆ, ಅದು ಸದ್ದನ್ನು ನುಂಗುತ್ತದೆ. ಬೀದಿ ಎಷ್ಟು ನಿಶ್ಶಬ್ದ ಅನ್ನುವುದನ್ನು ಮಕ್ಕಳು ನಮಗಿಂತ ಮೊದಲು ಗಮನಿಸುತ್ತಾರೆ.

ಸ್ಲೆಡ್ ಆಟಕ್ಕೆ ಕೆಲವು ಕಟ್ಟುನಿಟ್ಟು ಬೇಕು. ಮರ, ಬೇಲಿ, ರಸ್ತೆ ಇಲ್ಲದ, ಕೆಳಗೆ ಉದ್ದಕ್ಕೆ ಸಮತಟ್ಟು ಇರುವ ದಿಬ್ಬ ಆರಿಸಿ. ಐದು ವರ್ಷದೊಳಗಿನವರು ಒಬ್ಬರೇ ಜಾರಬಾರದು, ನೀವೂ ಕೂರಿ. ಕಾಲು ಮುಂದೆ, ತಲೆ ಮೇಲೆ. ಐಸ್ ಹಾಕಿ ಆಟಗಾರರ ಹೆಲ್ಮೆಟ್ ಇರಲಿ. ರಸ್ತೆಬದಿಯ ಹಿಮದ ಗುಡ್ಡೆಯಲ್ಲಿ ಗುಹೆ ತೋಡಲು ಬಿಡಲೇಬೇಡಿ. ಹಿಮ ತಳ್ಳುವ ಗಾಡಿಯವರಿಗೆ ಒಳಗೆ ಮಗು ಇರುವುದು ಕಾಣುವುದಿಲ್ಲ, ಗುಹೆ ಕುಸಿದರೂ ಅಪಾಯ. ಕೆರೆ, ಹೊಳೆಯ ಐಸಿನ ಮೇಲೆ ಕಾಲಿಡಬೇಡಿ.

ಹೆಪ್ಪುಗಟ್ಟಿದ ನೀರಿನ ಮೇಲೆ ನಡೆಯುವ ಆಸೆ ಇದ್ದರೆ ರೀಡೋ ಕಾಲುವೆಗೆ ಹೋಗಿ. 1971ರ ಚಳಿಗಾಲದಿಂದ ಊರಿನ ಜನ ಅಲ್ಲಿ ಸ್ಕೇಟಿಂಗ್ ಮಾಡುತ್ತಿದ್ದಾರೆ. ಉದ್ದ 7.8 ಕಿಲೋಮೀಟರ್. ಐಸು ಎಷ್ಟು ದಪ್ಪ ಇದೆ ಎಂದು ಅಳೆದು ನೋಡಿಯೇ ತೆರೆಯುತ್ತಾರೆ. 2022-23ರ ಚಳಿಗಾಲ ಐಸು ಗಟ್ಟಿಯಾಗಲೇ ಇಲ್ಲ, ಒಂದು ದಿನವೂ ತೆರೆಯಲಿಲ್ಲ. ಆ ವರ್ಷ ನಮ್ಮ ಮಕ್ಕಳು ದಿನಾ ಕೇಳುತ್ತಿದ್ದರು. ಅದಕ್ಕೇ ತೆರೆದಿರುವಾಗ ಹೋಗಿಬಿಡಿ. ಚಿಕ್ಕವನನ್ನು ಸ್ಲೆಡ್ಡಿನಲ್ಲಿ ಕೂರಿಸಿ ಎಳೆಯುವಾಗ ಒಂದು ನೆನಪಿರಲಿ. ಎಳೆಯುವ ನೀವು ಬೆವರುತ್ತೀರಿ, ಸುಮ್ನೆ ಕೂತ ಅವನು ಆರುತ್ತಿರುತ್ತಾನೆ. ಅಡಿಗೆ ಒಂದು ಕಂಬಳಿ ಹಾಸಿ, ಹತ್ತು ನಿಮಿಷಕ್ಕೊಮ್ಮೆ ಕುತ್ತಿಗೆ ಮುಟ್ಟಿ ನೋಡಿ, ಇಳಿಸಿ ಕುಣಿಸಿ. ಫ್ಲಾಸ್ಕಿನಲ್ಲಿ ಬೆಲ್ಲ ಹಾಕಿದ ರಾಗಿ ಗಂಜಿ ಒಯ್ಯಿರಿ, ಕುಡಿಯುವಷ್ಟು ಬೆಚ್ಚಗಿದ್ದರೆ ಸಾಕು.

ಅತ್ತೆ ಮಾರ್ಚ್ ಕೊನೆಯವರೆಗೆ ಇರುತ್ತಾರೆಯೇ? ಇದ್ದರೆ ಅವರಿಗೂ ಒಂದು ಒಳ್ಳೆಯ ಬೂಟು, ಜಾರದಂತೆ ಅದರ ಅಡಿಗೆ ಸಿಕ್ಕಿಸುವ ಮುಳ್ಳುಪಟ್ಟಿ ಕೊಡಿಸಿ. ರಾತ್ರಿ ಸೊನ್ನೆಗಿಂತ ಕೆಳಗೆ, ಹಗಲು ಸೊನ್ನೆಗಿಂತ ಮೇಲೆ ಹೋಗುವ ಆ ದಿನಗಳಲ್ಲಿ ಮೇಪಲ್ ಮರದ ರಸ ಇಳಿಯುತ್ತದೆ. ಒಟ್ಟಾವಾ ಸುತ್ತಮುತ್ತಲ ತೋಟಗಳಲ್ಲಿ ಅದನ್ನು ದೊಡ್ಡ ಬಾಣಲೆಗಳಲ್ಲಿ ಕುದಿಸುತ್ತಾರೆ. ಸುಮಾರು 40 ಲೀಟರ್ ರಸಕ್ಕೆ ಒಂದು ಲೀಟರ್ ಪಾಕ. ಆ ಪಾಕವನ್ನು ಇನ್ನಷ್ಟು ಕಾಯಿಸಿ, ಬಿಸಿಬಿಸಿಯಾಗಿ ಶುದ್ಧ ಹಿಮದ ಮೇಲೆ ಪಟ್ಟಿಯಾಗಿ ಸುರಿಯುತ್ತಾರೆ. ಕ್ಷಣದಲ್ಲಿ ಅದು ಎಳೆಪಾಕವಾಗುತ್ತದೆ. ಮಕ್ಕಳು ಕಡ್ಡಿಗೆ ಸುತ್ತಿಕೊಂಡು ತಿನ್ನುತ್ತಾರೆ. ನಾನು ನಮ್ಮ ಅಮ್ಮನನ್ನು ಕರೆದುಕೊಂಡು ಹೋದ ವರ್ಷ, ಅವರು ಕಾರಿನಿಂದ ಇಳಿದವರೇ ಹಬೆಯ ಕಡೆ ಮುಖ ಎತ್ತಿ ನಿಂತರು. ‘ಇಲ್ಲೂ ಆಲೆಮನೆ ಇದೆಯಾ?’ ಎಂದರು. ಆಮೇಲೆ ಯಾರೂ ಕರೆಯದೆ, ಮೊಮ್ಮಗನ ಕೈ ಹಿಡಿದುಕೊಂಡು ಹಿಮದ ಮೇಲೆ ಹೆಜ್ಜೆ ಹಾಕಿಕೊಂಡು ಒಳಗೆ ಹೋದರು.